ಐವತ್ತೊಂಬತ್ತರ ಜವಾನ

ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ನಾನು ಶಂಕರಪುರಂನ ಒಂದು ಹಳೆಯ ಶಾಲೆಯ ಆಫೀಸ್ ಕಿಟಕಿಯ ಮುಂದೆ ನಿಂತಿದ್ದೆ. (ಶಾಲೆಯ ಹೆಸರು ಬೇಡ. ಆ ಬೀದಿಯವರಿಗೆ ಗೊತ್ತು.) ಮೊಮ್ಮಗಳ ಟಿಸಿ ಬೇಕಿತ್ತು. ಕಿಟಕಿಯೊಳಗೆ ಕ್ಲರ್ಕ್ ಸರೋಜಮ್ಮ ರಿಜಿಸ್ಟರ್ ತಿರುವುತ್ತಿದ್ದರು. ಎಡಕ್ಕೆ ಹೆಡ್ ಮೇಡಂ ಕೋಣೆ. ಬಲಕ್ಕೆ, ಹದಿನೈದು ಹೆಜ್ಜೆ ದೂರದಲ್ಲಿ, ಐದನೇ ತರಗತಿ. ನಡುವೆ, ಗಂಟೆಯಾಗಿ ತೂಗುಹಾಕಿದ್ದ ರೈಲು ಕಂಬಿಯ ತುಂಡು.

ನೋಟಿಸ್ ಪುಸ್ತಕ ಹಿಡಿದು ಐದನೇ ತರಗತಿಗೆ ಹೋಗಿದ್ದ ಮುನಿಯಪ್ಪ ಬೇಗನೆ ವಾಪಸ್ ಬಂದರು. ಶಾಲೆಯ ಜವಾನ, ವಯಸ್ಸು ಐವತ್ತೊಂಬತ್ತು. ಭುಜದ ಮೇಲೆ ಮಣ್ಣಿನ ಪುಡಿ ಇತ್ತು.

"ಮೇಡಂ, ಐದನೇ ಕ್ಲಾಸ್ ತೊಲೆ ಗೋಡೆ ಬಿಟ್ಟು ಜರುಗ್ತಿದೆ. ಮಣ್ಣು ಉದುರ್ತಿದೆ."

ಮೇಡಂ ಫೋನಿನಲ್ಲಿದ್ದರು. ಅಂಗೈಯಿಂದ ಅದನ್ನು ಮುಚ್ಚಿ, "ಕಮಿಟಿಗೆ ಬರೆದಿದೀವಲ್ಲ ಮುನಿಯಪ್ಪ, ಎಂಜಿನಿಯರ್ ಬರ್ತಾರೆ. ಹೋಗಿ ಕೆಲಸ ನೋಡಿ" ಅಂದರು.

ಮುನಿಯಪ್ಪ ಹೋದರು. ಸುತ್ತಿಗೆ ಎತ್ತಿಕೊಂಡರು. ಲಾಂಗ್ ಬೆಲ್ ಹೊಡೆದರು.

ಲಾಂಗ್ ಬೆಲ್ ಅಂದರೆ ಗೊತ್ತಲ್ಲ? ಮನೆಗೆ ಹೊರಡುವ ಬೆಲ್. ಅದೂ ಮೂರನೇ ಪೀರಿಯಡ್‌ನ ನಡುವೆ.

"ಯಾರ್ರೀ ಅದು ಬೆಲ್ ಹೊಡೀತಿರೋದು? ಏಯ್, ಕೂತ್ಕೊಳ್ರೋ" ಎಂದು ಐದನೇ ತರಗತಿಯ ಟೀಚರ್ ಕೂಗಿದ್ದು ಕೇಳಿಸಿತು. ಯಾರು ಕೂರುತ್ತಾರೆ? ಮಕ್ಕಳು ಬ್ಯಾಗ್ ಎಳೆದುಕೊಂಡು ನನ್ನ ಮುಂದಿನಿಂದಲೇ ಅಂಗಳಕ್ಕೆ ಓಡಿದರು. ಬೈಯುತ್ತ ಟೀಚರ್ ಹಿಂದೆ. ಅವರು ಮೆಟ್ಟಿಲು ಇಳಿದು ಎಂಟೋ ಒಂಬತ್ತೋ ಸೆಕೆಂಡು (ಹತ್ತು ಎನ್ನಲಾರೆ), ತೊಲೆ ಬಿತ್ತು. ಅದರ ಹಿಂದೆಯೇ ಹೆಂಚು. ಧೂಳು ಇಳಿದ ಮೇಲೆ ಬಾಗಿಲಿಂದ ನೋಡಿದೆ. ಮುಂದಿನ ಮೂರು ಸಾಲು ಬೆಂಚು ಕಾಣಲಿಲ್ಲ.

ಮುನಿಯಪ್ಪನವರ ಹತ್ತಿರ ಹೋಗಿ ಕೇಳಿದೆ.

"ಓಡಿ ಅಂತ ಕೂಗಬಹುದಿತ್ತಲ್ಲ ಮುನಿಯಪ್ಪ?"

"ತೊಲೆ ಬೀಳ್ತಿದೆ ಅಂದಿದ್ರೆ ಎಲ್ಲಾ ತಲೆ ಎತ್ತಿ ನೋಡ್ತಾ ನಿಂತಿರೋವು ಸಾರ್. ಲಾಂಗ್ ಬೆಲ್ ಹೊಡೆದ್ರೆ ಒಂದೂ ಹಿಂದಕ್ಕೆ ತಿರುಗಲ್ಲ."

ಮೂವತ್ತು ವರ್ಷ ಬೆಲ್ ಹೊಡೆದವರಿಗಲ್ಲದೆ ಇದು ಇನ್ಯಾರಿಗೆ ಹೊಳೆದೀತು?

ಸ್ವಲ್ಪ ಹೊತ್ತಿಗೆ ಕಮಿಟಿಯವರು ಬಂದರು. ನಾನಿನ್ನೂ ಅಲ್ಲೇ ಕೂತಿದ್ದೆ.

"ಬೆಲ್ ಹೊಡಿಯೋಕೆ ಹೇಳಿದ್ದು ಯಾರು?"

"ಯಾರೂ ಇಲ್ಲ ಸಾರ್" ಅಂದರು ಸರೋಜಮ್ಮ. "ಜವಾನ, ಅಷ್ಟೇ."

ಆ ಪದ ಮನೆಯವರೆಗೂ ಜೊತೆಗೆ ಬಂತು. ನಿಘಂಟು ತೆಗೆದೆ. ಜವಾನ ಪಾರಸಿಯಿಂದ ಬಂದದ್ದು. ಅಲ್ಲಿ ಅದರ ಅರ್ಥ ತರುಣ. ನಮ್ಮ 'ಯುವ'ಕ್ಕೆ ಹತ್ತಿರದ ನೆಂಟ. ಗಡಿಯಲ್ಲಿ ಬಂದೂಕು ಹಿಡಿದವನಿಗೂ ಇದೇ ಪದ. ಅವನನ್ನು ಕಂಡರೆ ನಾವು ಎದ್ದು ನಿಲ್ಲುತ್ತೇವೆ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತವನಿಗೂ ಇದೇ ಪದ. ನಮ್ಮನ್ನು ಕಂಡರೆ ಅವನು ಎದ್ದು ನಿಲ್ಲಬೇಕು. ಕಿರಿಯ ಎಂಬುದು ಕೆಳಗಿನವನು ಎಂದಾದದ್ದು ಯಾವಾಗ? ನಿಘಂಟು ಹೇಳುವುದಿಲ್ಲ. ತಲೆ ಪೂರ್ತಿ ನರೆತರೂ ಆ ಹುದ್ದೆಯಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ.

ಶುಕ್ರವಾರ ಮುನಿಯಪ್ಪನವರ ಕೈಗೆ ಕಮಿಟಿಯ ಪತ್ರ ಬಂದಿದೆ. ಅನುಮತಿ ಇಲ್ಲದೆ ಬೆಲ್ ಬಾರಿಸಿದ್ದೇಕೆ? ಏಳು ದಿನದಲ್ಲಿ ಉತ್ತರ ಕೊಡಬೇಕು. ನಿವೃತ್ತಿಗೆ ನಾಲ್ಕು ತಿಂಗಳಿದೆ. ಸರ್ವಿಸ್ ರಿಜಿಸ್ಟರ್‌ನಲ್ಲಿ ತಪ್ಪು ಎಂದು ಬರೆದುಬಿಟ್ಟರೆ ಪೆನ್ಷನ್ ನಿಂತೀತು ಎಂಬ ಭಯ ಅವರಿಗೆ.

ಪತ್ರವನ್ನು ನನಗೆ ತೋರಿಸಿ ಕೇಳಿದರು: "ಏನಂತ ಬರೀಲಿ ಸಾರ್? ಹೊಡೆದಿದ್ದು ನಿಜ ತಾನೆ."

ನಿಜ. ಕಣ್ಣಾರೆ ಕಂಡವರು ಬೇಕಿದ್ದರೆ ನಾನಿದ್ದೇನೆ. ಸರೋಜಮ್ಮ ಇದ್ದಾರೆ. ಟೀಚರ್ ಇದ್ದಾರೆ. ಐದನೇ ತರಗತಿಯ ಮೂವತ್ತೊಂದು ಮಕ್ಕಳೂ ಇದ್ದಾರೆ.