ನಾನು ಹೊಲಿದ ದೆವ್ವದ ಅಂಗಿ

ಆ ಸಿನಿಮಾ ನೋಡಿ ನನಗೆ ನಗು ಬಂತು ಎಂದು ಹೇಳಿದ್ದು ಸುಳ್ಳು. ನಗು ಬರಲಿಲ್ಲ. ಹೆದರಿದ್ದೆ — ಎಷ್ಟು ಹೆದರಿದ್ದೆ ಎಂದರೆ, ಇಂಟರ್ವಲ್ ಆದ ಮೇಲೆ ಒಳಗೆ ಹೋಗಲೇ ಇಲ್ಲ. ನೋಡಿದ್ದು ಅರ್ಧ ಸಿನಿಮಾ. ಆ ಅರ್ಧದಲ್ಲೂ ಮುಖ್ಯವಾದ ಜಾಗದಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ. ಹಾಗಿದ್ದೂ ಮರುದಿನ ಬೆಳಿಗ್ಗೆ ಹತ್ತು ಜನರ ಎದುರು ಇಡೀ ಸಿನಿಮಾದ ತೀರ್ಪು ಕೊಟ್ಟೆ. ಆ ತೀರ್ಪನ್ನು ನಂಬಿ ಕೆಟ್ಟವನು ನನ್ನ ಗೆಳೆಯ ಶೀನ. ಸಿನಿಮಾದಲ್ಲಿ ದೆವ್ವವಾಗಿದ್ದವನೂ ಅವನೇ.

ಇದಾಗಿ ಹನ್ನೊಂದು ವರ್ಷವಾಯಿತು. ಈಗ ಹೇಳುತ್ತಿದ್ದೇನೆ.

ಗಂಗೊಳ್ಳಿಯಲ್ಲಿ ನನ್ನದೊಂದು ಟೈಲರ್ ಅಂಗಡಿ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿ, ಬಸ್ಸು ಹತ್ತಿ, ಕುಂದಾಪುರದಲ್ಲಿ ಮ್ಯಾಟಿನಿ ನೋಡಿ ಬರುವುದು ನನ್ನ ಬಹುಕಾಲದ ರೂಢಿ. ಶನಿವಾರ ಬೆಳಿಗ್ಗೆ ಬಂದರಿನ ಹತ್ತಿರದ ಹೋಟೆಲಿನಲ್ಲಿ ಚಾ ಕುಡಿಯಲು ಕುಳಿತರೆ ಸಾಕು, ‘ಹ್ಯಾಂಗಿತ್ತ್ ಪಿಚ್ಚರ್?’ ಎಂದು ಯಾರಾದರೂ ಕೇಳುತ್ತಿದ್ದರು. ನಾನು ಚೆನ್ನಾಗಿದೆ ಎಂದರೆ ಮನೆಮಂದಿಯನ್ನು ಕರೆದುಕೊಂಡು ಹೋಗುವವರಿದ್ದರು, ಬೇಡ ಎಂದರೆ ಮನೆಯಲ್ಲೇ ಉಳಿಯುವವರಿದ್ದರು. ಅದೊಂದು ಸಣ್ಣ ಅಧಿಕಾರ. ನನಗದು ರುಚಿಸಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ನಾನೇನು ದೊಡ್ಡ ವಿಮರ್ಶಕನಲ್ಲ. ನನಗೆ ತಿಳಿಯುವುದು ಬಟ್ಟೆ. ಹೊಡೆದಾಟದ ಸಿನಿಮಾದಲ್ಲಿ ಹೀರೋ ಹದಿನೈದು ಜನರನ್ನು ಎತ್ತಿ ಒಗೆದರೂ ಅವನ ಕಂಕುಳಿನ ಹೊಲಿಗೆ ಬಿಡುವುದಿಲ್ಲ. ನಾನು ಹೊಲಿದ ಅಂಗಿ ದೋಣಿಯ ಹಗ್ಗವನ್ನು ನಾಲ್ಕು ಸಲ ಎಳೆದರೆ ಅಲ್ಲೇ ಬಿಡುತ್ತದೆ. ತಾಯಿ ಸಾಯುವ ಸಿನಿಮಾ ಬಂದರೆ ನಾನು ಅಳುತ್ತೇನೆ. ಅತ್ತೆ ಎಂದು ಹೋಟೆಲಿನಲ್ಲಿ ಹೇಳಿಕೊಳ್ಳುತ್ತೇನೆ ಕೂಡ. ಆದರೆ ಹೆದರಿದೆ ಎಂದು ಹೇಳಲು ಮಾತ್ರ ಬಾಯಿ ಬರುವುದಿಲ್ಲ — ಯಾಕೋ. ಅಳುವುದಕ್ಕಿಲ್ಲದ ನಾಚಿಕೆ ಹೆದರುವುದಕ್ಕೆ ಯಾಕೆ ಎಂದು ಹೊಲಿಗೆ ಮಿಶನ್ ತುಳಿಯುತ್ತ ಈಗಲೂ ಯೋಚಿಸುತ್ತೇನೆ.

ದೆವ್ವದ ಸಿನಿಮಾಗಳ ಮೇಲೆ ನನಗೊಂದು ಹಳೆಯ ತಕರಾರಿತ್ತು: ಬಿಳಿ ಸೀರೆ. ಸತ್ತವರಿಗೆಲ್ಲ ಒಂದೇ ಬಣ್ಣದ ಸೀರೆ ಹಂಚುವವರು ಯಾರು? ಅದಕ್ಕೆ ಇಸ್ತ್ರಿ ಬೇರೆ. ಅಂಥ ದೆವ್ವಗಳನ್ನು ಕಂಡರೆ ನನಗೆ ನಿಜವಾಗಿಯೂ ನಗುವೇ ಬರುತ್ತಿತ್ತು. ಅದನ್ನು ಹೇಳಿ ಹೇಳಿ, ಯಾವ ಸಿನಿಮಾಕ್ಕೂ ಹೆದರದ ಮನುಷ್ಯ ಎಂಬ ಹೆಸರು ನನಗೆ ಬಿದ್ದಿತ್ತು.

ಅಂಥ ಹೊತ್ತಿಗೇ, ಒಂದು ಮಳೆಗಾಲ, ಬ್ರಹ್ಮಾವರದ ಕಡೆಯ ನಿರ್ದೇಶಕನೊಬ್ಬ ನಮ್ಮೂರಿಗೆ ಬಂದ. ಮುಚ್ಚಿಹೋಗಿದ್ದ ಹಳೆಯ ಐಸ್ ಪ್ಲಾಂಟಿನಲ್ಲಿ ಅವನಿಗೆ ಶೂಟಿಂಗ್ ಮಾಡಬೇಕಿತ್ತು. ದೋಣಿಗಳು ಕಡಲಿಗೆ ಇಳಿಯದ ತಿಂಗಳುಗಳು ಅವು. ಗಂಡಸರೆಲ್ಲ ಶೆಡ್ಡುಗಳಲ್ಲಿ ಕುಳಿತು ಹರಿದ ಬಲೆ ಸರಿಮಾಡುತ್ತಿದ್ದರು. ಶೀನನೂ ಅಲ್ಲಿದ್ದ. ಆರಡಿ ಮೀರಿದ ಎತ್ತರ, ಬಡಕಲು ಮೈ, ಉದ್ದ ಬೆರಳು. ನಿರ್ದೇಶಕ ಅವನನ್ನು ಕಂಡದ್ದೇ, ನನ್ನ ದೆವ್ವ ಸಿಕ್ಕಿತು ಎಂದನಂತೆ.

ಅಂಗಿ ಹೊಲಿಯುವ ಕೆಲಸ ನನಗೆ ಬಂತು. ಬಿಳಿ ಬೇಡ ಎಂದ ನಿರ್ದೇಶಕ — ಅಷ್ಟಕ್ಕೇ ಅವನ ಮೇಲೆ ನನಗೆ ಗೌರವ ಹುಟ್ಟಿತು. ಗೋಣಿಚೀಲದ ಬಣ್ಣ, ಕೂಲಿಯವನ ಅಂಗಿ, ತೋಳು ಮಾತ್ರ ಬೆರಳ ತುದಿಗಿಂತಲೂ ಒಂದು ಗೇಣು ಉದ್ದ. ಅಳತೆಗೆ ನಿಂತ ಶೀನನಿಗೆ ಟೇಪು ತಾಗಿದಲ್ಲೆಲ್ಲ ಕಚಗುಳಿ. ಇಷ್ಟು ನಗುವ ದೆವ್ವವನ್ನು ನಾನು ಕಂಡಿಲ್ಲ ಎಂದು ಆಗಲೇ ತಮಾಷೆ ಮಾಡಿದ್ದೆ.

ಸಿನಿಮಾ ಬಿಡುಗಡೆಯಾದ ದಿನ ಶೀನ ಅಂಗಡಿಗೆ ಬಂದ. ಬಾಗಿಲಲ್ಲೇ ನಿಂತು, ಟೇಪನ್ನು ಬೆರಳಿಗೆ ಸುತ್ತುತ್ತ ಹೇಳಿದ: “ನೀನ್ ಮೊದ್ಲ್ ನೋಡ್ಕಂಡ್ ಬಾ. ಸಮ ಇದ್ರೆ ನಾನ್ ಹೆಂಡ್ತಿ ಮಕ್ಕಳನ್ನ್ ಕರ್ಕಂಡ್ ಹೋತೆ.”

ಹೋದೆ. ಮೊದಲ ಅರ್ಧ ಗಂಟೆ ಆರಾಮಾಗಿಯೇ ಕುಳಿತಿದ್ದೆ, ಕಾಲರು ಸರಿಯಾಗಿ ಕೂತಿದೆಯೇ ಎಂದು ನೋಡುತ್ತ. ಆಮೇಲೆ ಆ ಸೀನು ಬಂತು. ಐಸ್ ಪ್ಲಾಂಟಿನ ಮೂಲೆಯಲ್ಲಿ ದೆವ್ವ ಬೆನ್ನು ಹಾಕಿ ಕುಳಿತಿದೆ. ಸದ್ದಿಲ್ಲ. ಮೆಲ್ಲಗೆ ತಿರುಗುತ್ತದೆ. ಉದ್ದ ತೋಳಿನೊಳಗಿಂದ ಬೆರಳುಗಳು ಒಂದೊಂದಾಗಿ ಹೊರಬಂದು — ಇಲ್ಲದ ಬಲೆಯೊಂದನ್ನು ಸರಿಮಾಡತೊಡಗುತ್ತವೆ. ಗಂಟು ಹಾಕುತ್ತವೆ, ಎಳೆಯುತ್ತವೆ, ಮತ್ತೆ ಗಂಟು. ದಿನಾ ಕಾಣುವ ಕೈ ಅದು. ತೋಳು ನಾನೇ ಕತ್ತರಿಸಿದ್ದು, ಒಳಗಿರುವವನು ಕಚಗುಳಿಯ ಶೀನ. ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಕಣ್ಣು ಮುಚ್ಚಿದೆ. ಗೊತ್ತಿರುವುದು ಯಾಕೆ ಕೆಲಸಕ್ಕೆ ಬರಲಿಲ್ಲವೋ — ಅಥವಾ ಗೊತ್ತಿದ್ದದ್ದರಿಂದಲೇ ಅಷ್ಟು ಹೆದರಿದೆನೋ.

ಇಂಟರ್ವಲ್ಲಿನಲ್ಲಿ ಹೊರಗೆ ಬಂದವನು ಗೋಳಿಬಜೆಯ ಪೊಟ್ಟಣ ಹಿಡಿದುಕೊಂಡು ಅಲ್ಲೇ ನಿಂತೆ. ಒಂದನ್ನೂ ತಿನ್ನಲಾಗಲಿಲ್ಲ. ಮುಚ್ಚಿದ ಬಾಗಿಲಿಗೆ ಕಿವಿ ಕೊಟ್ಟಿದ್ದೆ. ಒಳಗೆ ಒಬ್ಬರೂ ನಗಲಿಲ್ಲ. ಸಿನಿಮಾ ಬಿಟ್ಟಾಗ ಜನರ ನಡುವೆ ಸೇರಿಕೊಂಡು ಬಸ್ಸು ಹತ್ತಿದೆ.

ಮರುದಿನ ಹೋಟೆಲಿನಲ್ಲಿ ಎಲ್ಲರೂ ಕಾಯುತ್ತಿದ್ದರು. ಶೀನ ಎಂದಿನ ಜಾಗ ಬಿಟ್ಟು ನನ್ನ ಎದುರು ಬಂದು ಕುಳಿತಿದ್ದ. ಹೆದರಿಕೆಯಾಯಿತಾ ಎಂದು ಅವನೇ ಕೇಳಿದ. ಹೌದು ಎಂದಿದ್ದರೆ ಮುಗಿದಿತ್ತು. ಆದರೆ ದೆವ್ವದ ಅಳತೆ ತೆಗೆದ ಟೈಲರು ಅದೇ ದೆವ್ವಕ್ಕೆ ಹೆದರಿ ಹೊರಗೆ ನಿಂತಿದ್ದ ಎಂದು ಗೊತ್ತಾದರೆ ಇವರು ಸಾಯುವವರೆಗೆ ನನ್ನನ್ನು ಬಿಡುತ್ತಾರೆಯೇ?

“ಹೆದ್ರಿಕಿ ಎಂತದ್ ಮರಾಯ,” ಎಂದೆ, “ನಂಗ್ ನೆಗಿ ಬಂತ್.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವನು ಶೀನ. ಆ ನಗು ನನಗೆ ಇನ್ನೂ ನೆನಪಿದೆ. ಅವನ ಕೈಯಲ್ಲಿದ್ದ ಚಾ ಲೋಟ ಬಾಯಿಗೆ ಹೋಗದೆ ಕೆಳಗಿಳಿದದ್ದೂ ನೆನಪಿದೆ. ಅವತ್ತೇ ಅವನಿಗೆ ‘ನೆಗಿ ದೆವ್ವ’ ಎಂಬ ಅಡ್ಡಹೆಸರು ಬಿತ್ತು. ನಮ್ಮೂರಿನಲ್ಲಿ ಅಡ್ಡಹೆಸರು ಬಿದ್ದರೆ ಏಳುವುದಿಲ್ಲ. ಬಂದರಿನಲ್ಲಿ ಈಗಲೂ ಅವನನ್ನು ಹಾಗೆಯೇ ಕರೆಯುತ್ತಾರೆ, ಅವನೂ ಓಗೊಡುತ್ತಾನೆ.

ಶೀನ ಸಿನಿಮಾಕ್ಕೆ ಹೋಗಲಿಲ್ಲ. ಹೆಂಡತಿ ಮಕ್ಕಳನ್ನೂ ಕಳಿಸಲಿಲ್ಲ. ವಾರದಲ್ಲಿ ಸಿನಿಮಾ ಥಿಯೇಟರು ಬಿಟ್ಟಿತು.

ಇಷ್ಟೇ ಆಗಿದ್ದರೆ ಬಾಯಿ ಜಾರಿತು ಎಂದುಕೊಂಡು ಸುಮ್ಮನಿರುತ್ತಿದ್ದೆನೇನೋ. ಮುಂದಿನ ವರ್ಷ ಆ ನಿರ್ದೇಶಕ ಮತ್ತೆ ಬಂದ. ಬೈಂದೂರಿನಲ್ಲಿ ಹೊಸ ಸಿನಿಮಾ, ಈ ಸಲ ದೆವ್ವವಲ್ಲ, ಮುಖ ಕಾಣುವ ದೊಡ್ಡ ಪಾತ್ರ. ಶೀನ ಒಲ್ಲೆ ಎಂದ. ನಿರ್ದೇಶಕ ಎರಡನೆಯ ಸಲ ಬಂದ. ಆಗಲೂ ಅವನದು ಒಂದೇ ಮಾತು: “ಬ್ಯಾಡ ಮರಾಯ್ರೆ, ಜನ ನೆಗಾಡ್ತ್ರ್.” ಸೋತ ನಿರ್ದೇಶಕ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತ. ಆ ಬಲೆಯ ಸೀನು ತಾನು ಹೇಳಿಕೊಟ್ಟದ್ದಲ್ಲ, ಶೀನನೇ ಯೋಚಿಸಿ ಮಾಡಿದ್ದು ಎಂದ. ನಿಮ್ಮ ಮಾತು ಕೇಳುತ್ತಾನಂತೆ, ನೀವಾದರೂ ಒಂದು ಮಾತು ಹೇಳಿ ಎಂದ. ನಾನು ಪ್ಯಾಂಟೊಂದರ ಅಂಚು ಮಡಿಸುತ್ತ ತಲೆ ಎತ್ತಲಿಲ್ಲ. ಅವನಿಗೇ ಮನಸ್ಸಿಲ್ಲದಿದ್ದರೆ ನಾನೇನು ಹೇಳಲಿ ಎಂದೆ. ಅವತ್ತು ಬಾಯಿ ಜಾರಿರಲಿಲ್ಲ; ತಿಳಿದೇ ಮುಚ್ಚಿಕೊಂಡಿದ್ದೆ.

ನಿರ್ದೇಶಕ ಮತ್ತೆ ಈ ಕಡೆ ಬರಲಿಲ್ಲ.

ಮೊನ್ನೆ ಮಗಳು ನನ್ನ ಫೋನಿನಲ್ಲಿ ಏನೋ ಹುಡುಕುತ್ತಿದ್ದಾಗ ಆ ಸಿನಿಮಾ ಸಿಕ್ಕಿತು. ಇಂಟರ್ವಲ್ ಆದ ಮೇಲೆ ಏನಾಗುತ್ತದೆ ಎಂಬ ಕುತೂಹಲ ಹನ್ನೊಂದು ವರ್ಷದಿಂದ ನನ್ನನ್ನು ಕೊರೆಯುತ್ತಿತ್ತು. ಹಗಲಲ್ಲೇ, ಅಂಗಡಿಯ ಬಾಗಿಲು ತೆರೆದಿಟ್ಟು, ಸೌಂಡು ಬಂದ್ ಮಾಡಿ ನೋಡಿದೆ. ಬೆರಳುಗಳು ತೋಳಿನಿಂದ ಹೊರಬಂದವು. ಫೋನನ್ನು ಬಟ್ಟೆಯ ಮೇಲೆ ಕವುಚಿ ಹಾಕಿದೆ.

ಒಬ್ಬನೇ ನೋಡಲಾರೆ ಎಂದು ತಿಳಿದ ಮೇಲೆ ಫೋನು ಹಿಡಿದುಕೊಂಡು ಶೀನನ ಶೆಡ್ಡಿಗೇ ಹೋದೆ. ಅವನು ಬಲೆಯ ನಡುವೆ ಕುಳಿತಿದ್ದ. ನೀನು ಮಾಡಿದ್ದನ್ನು ನೀನೇ ನೋಡಿಲ್ಲವಲ್ಲ, ನೋಡು ಎಂದು ಪಕ್ಕದಲ್ಲಿ ಕುಳಿತೆ. ಆ ಸೀನು ಬಂದಾಗ ಕಣ್ಣು ತಾನಾಗಿ ಮುಚ್ಚಿಕೊಂಡಿತು. ತೆರೆದು ನೋಡಿದರೆ ಶೀನ ಫೋನನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ.

“ಅವತ್ತೂ ಹೀಂಗೇ ಕಣ್ಣ್ ಮುಚ್ಚಿದ್ಯಾ?”

ಎಲ್ಲವನ್ನೂ ಹೇಳಿದೆ. ಗೋಳಿಬಜೆಯ ಪೊಟ್ಟಣ, ಬಾಗಿಲ ಆಚೆಯ ಮೌನ, ಅಂಗಡಿಗೆ ಬಂದಿದ್ದ ನಿರ್ದೇಶಕ, ಪ್ಯಾಂಟಿನ ಅಂಚು. ಶೀನ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಿತ್ತು. ಬಲೆಯ ಹರಿದ ಕಣ್ಣೊಂದಕ್ಕೆ ಗಂಟು ಹಾಕಿ ಎಳೆದ.

“ಅವತ್ತೇ ಹೇಳ್ರೆ ಆತಿತ್ತಲ,” ಎಂದ. “ನಾನ್ ಬೈಂದೂರಿಗ್ ಹೋತಿದ್ದೆ.”

ಆಮೇಲೆ ಫೋನನ್ನು ನನ್ನತ್ತ ಸರಿಸಿ, ಆ ಸೀನನ್ನು ಮತ್ತೆ ಹಾಕಲು ಹೇಳಿದ. “ಈ ಸಲ ಕಣ್ಣ್ ಮುಚ್ಚುಕಾಗ.”

ನೋಡಿದೆ. ಕಣ್ಣು ಮುಚ್ಚಲಿಲ್ಲ. ಇಂಟರ್ವಲ್ ದಾಟಿ ಕೊನೆಯವರೆಗೂ ನೋಡಿದೆವು. ಆ ದೆವ್ವ ಯಾರನ್ನೂ ಕೊಲ್ಲುವುದಿಲ್ಲ. ಇಲ್ಲದ ಬಲೆಯನ್ನು ಮುಗಿಸಿ, ಮಡಿಸಿ, ಬಾಗಿಲ ಹತ್ತಿರ ಇಟ್ಟು ಹೋಗುತ್ತದೆ. ನಾನು ಅತ್ತೆ. ಹನ್ನೊಂದು ವರ್ಷ ನಗೆಪಾಟಲು ಮಾಡಿದ ಸಿನಿಮಾದ ಕೊನೆ ನನಗೆ ಗೊತ್ತೇ ಇರಲಿಲ್ಲ.

ಹ್ಯಾಂಗಿತ್ತು ಎಂದು ಶೀನ ಕೇಳಿದ, ಹೋಟೆಲಿನಲ್ಲಿ ಕೇಳುವ ಹಾಗೆಯೇ. ಹೆದರಿಕೆಯಾಯಿತು ಎಂದೆ. ಅವನು ತಲೆಯಾಡಿಸಿ ಬಲೆ ಹೆಣೆಯುವ ಸೂಜಿಗೆ ನೂಲು ಸುತ್ತತೊಡಗಿದ.

ಆದರೆ ಅದನ್ನು ಕೇಳಿಸಿಕೊಂಡವನು ಶೀನ ಒಬ್ಬನೇ. ಸುಳ್ಳು ಹೇಳಿದ್ದು ಹತ್ತು ಜನರ ಎದುರು. ಇವತ್ತು ಶುಕ್ರವಾರ, ಸಿನಿಮಾಕ್ಕೆ ಹೋಗಲಿಲ್ಲ, ಕುಳಿತು ಇದನ್ನು ಬರೆದೆ. ನಾಳೆ ಬೆಳಿಗ್ಗೆ ಹೋಟೆಲಿನಲ್ಲಿ ಯಾರಾದರೂ ಅವನನ್ನು ‘ನೆಗಿ ದೆವ್ವ’ ಎಂದು ಕರೆದೇ ಕರೆಯುತ್ತಾರೆ. ಅವನು ಓಗೊಡುವ ಮೊದಲು ನಾನು ಬಾಯಿ ತೆರೆಯಬೇಕು.