ಸ್ಕೂಟರ್ ಶೆಡ್ಡಿಗೆ ಹೋದ ಹುಲ್ಲು

ಅವ್ವನ ಕಣ್ಣಿನ ಪೊರೆ ತೆಗೆಸಲು ಗುಲ್ಬರ್ಗಾಕ್ಕೆ ಹೋಗಿದ್ದೆ. ಹತ್ತು ದಿನ ಬಿಟ್ಟು ಹೈದರಾಬಾದಿಗೆ ಬಂದು ನೋಡಿದರೆ ನಮ್ಮ ಹರ್ಬೇರಿಯಮ್ಮಿನಲ್ಲಿ ಹುಲ್ಲಿನ ಬೀರುಗಳೇ ಇರಲಿಲ್ಲ. ಆ ಜಾಗದಲ್ಲಿ ಕಂಪ್ಯೂಟರ್ ಮೇಜುಗಳು ಕೂತಿದ್ದವು.

ವಿಶ್ವವಿದ್ಯಾಲಯದಲ್ಲಿ ನನ್ನ ಕೆಲಸ ಒಣಗಿಸಿದ ಗಿಡಗಳನ್ನು ಕಾಯುವುದು. ಅದರಲ್ಲೂ ಬಯಲುಸೀಮೆಯ ಹುಲ್ಲು. ಹದಿನೈದು ವರ್ಷ ಅಟೆಂಡರನ ಜೊತೆ ಶಂಶಾಬಾದಿನ ಬಯಲು, ಮಾದಾಪುರದ ಬಂಡೆಗಳ ಸಂದು ಅಲೆದು ಕಿತ್ತು ತಂದದ್ದು. ಒಂದೊಂದನ್ನೂ ಹಾಳೆಗೆ ಅಂಟಿಸಿ, ಎಲ್ಲಿ ಸಿಕ್ಕಿತು, ಯಾವ ದಿನ ಎಂದು ಚೀಟಿ ಬರೆದಿದ್ದೆ. ಅಟೆಂಡರ್ ಬೀದರ್ ಕಡೆಯವನು, ನನಗಿಂತ ಹಿರಿಯ. ತೆನೆ ಮುರಿಯದಂತೆ ಅಂಟಿಸುವ ಕೈ ಅವನದು.

ಅವನೇ ನನ್ನನ್ನು ಸ್ಕೂಟರ್ ಶೆಡ್ಡಿಗೆ ಕರೆದೊಯ್ದ. ಹಾಳೆಗಳನ್ನು ಸುತಲಿಯಲ್ಲಿ ಕಟ್ಟಿ ನೆಲಕ್ಕೆ ಒಟ್ಟಿದ್ದರು. ಹಿಂದಿನ ಎರಡು ದಿನದ ಮಳೆನೀರು ಶೆಡ್ಡಿನೊಳಗೆ ಹರಿದಿತ್ತು.

"ಭಾಳ ಹೇಳಿದೆರಿ ಅಕ್ಕಾರ. ನಿನಗೇನ್ ತಿಳೀತೈತಿ ಅಂದ್ರು ಸಾಹೇಬ್ರು," ಎಂದ. ನನ್ನ ಮುಖ ನೋಡಲಿಲ್ಲ.

ಮೇಲಿನ ಕಟ್ಟು ಬಿಚ್ಚಿದೆ. ಬೂಷ್ಟು. ಚೀಟಿಯ ಮಸಿಯೆಲ್ಲ ಹರಿದು ನೀಲಿ ಕಲೆಯಾಗಿತ್ತು. ಚೀಟಿ ಹೋದ ಮೇಲೆ ಅದು ದನದ ಮೇವು, ಅಷ್ಟೇ.

ವಿಭಾಗದ ಮುಖ್ಯಸ್ಥರು ಧಾರವಾಡದ ಮನೆತನದವರು. ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ನೇರ ಅವರ ಕೋಣೆಗೆ ಹೋಗಿ ಕೇಳಿದೆ.

"ವಿಭಾಗದ ತಪಾಸಣಿಗೆ ಕಮಿಟಿಯವರು ಬರಾಕತ್ತಾರ್ರಿ. ಕಂಪ್ಯೂಟರ್ ಲ್ಯಾಬ್ ತೋರಿಸ್ಬೇಕು. ಹುಲ್ಲಽ ಅಲ್ಲೇನ್ರಿ ಅದು? ಮತ್ತ ಕಿತ್ಕೊಂಡು ಬಂದ್ರಾತು."

"ಎಲ್ಲಿಂದ ಕಿತ್ತು ತರ್ಲಿರಿ ಸರ್? ಶಂಶಾಬಾದದಾಗ ವಿಮಾನ ಇಳಿಯೋ ರಸ್ತೆ ಹಾಕಾಕತ್ತಾರ. ಮಾದಾಪುರದ ಬಂಡೆ ಒಡದು ಆಫೀಸ್ ಕಟ್ಯಾರ."

ಅವರು ನಕ್ಕರು. ಆ ನಗೆ ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಹಾಳೆಗಳು ಹಳೆಯವಾಗಿ ತಾವಾಗಿಯೇ ಕೆಟ್ಟವೆಂದು ಟೈಪು ಮಾಡಿಸಿದ ಕಾಗದವನ್ನು ನನ್ನ ಮುಂದೆ ಸರಿಸಿದರು. ಸಹಿ ಹಾಕಲಿಲ್ಲ. ಹರಿದು ಅವರ ಮೇಜಿನ ಮೇಲೇ ಇಟ್ಟು ಬಂದೆ.

ಕಮಿಟಿ ಬಂದ ದಿನ, ಚಹಾ ಬಿಸ್ಕತ್ತಿನ ನಡುವೆ, ಬೂಷ್ಟು ಹಿಡಿದ ಒಂದು ಕಟ್ಟನ್ನು ತಂದು ಅವರೆದುರು ಇಟ್ಟೆ. ನಾತಕ್ಕೆ ಒಬ್ಬರು ಕರವಸ್ತ್ರ ತೆಗೆದರು. ಮುಖ್ಯಸ್ಥರು ಸ್ವಲ್ಪವೂ ತಡವರಿಸಲಿಲ್ಲ. "ಹಳೆಯ ಮಾದರಿಗಳನ್ನು ಉಳಿಸುವ ಕೆಲಸ ಕೈಗೊಂಡಿದ್ದೇವೆ, ಇವರೇ ನೋಡಿಕೊಳ್ಳುತ್ತಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಕಮಿಟಿಯವರು ತಲೆದೂಗಿ ಬರೆದುಕೊಂಡರು. ವರದಿಯಲ್ಲಿ ಆ ಕೆಲಸಕ್ಕೆ ಮುಖ್ಯಸ್ಥರಿಗೆ ಮೆಚ್ಚುಗೆಯ ಮಾತೂ ಬಂತು.

ಆದರೆ ಹಾಗೆ ಹೇಳಿಬಿಟ್ಟದ್ದರಿಂದ ನನಗೊಂದು ಕೋಣೆ ಕೊಡಲೇಬೇಕಾಯಿತು. ಅಟೆಂಡರನೂ ನಾನೂ ಒಂದು ತಿಂಗಳು ಅಲ್ಲಿ ಕೂತು, ಹಾಳೆಗಳ ನಡುವೆ ಬ್ಲಾಟಿಂಗ್ ಪೇಪರ್ ಇಟ್ಟು, ದಿನಕ್ಕೆರಡು ಸಲ ಬದಲಿಸಿ ಒಣಗಿಸಿದೆವು. ಅರ್ಧದಷ್ಟು ಉಳಿಯಿತು. ಶಂಶಾಬಾದಿನ ಹುಲ್ಲೂ ಸೇರಿದಂತೆ ಕೆಟ್ಟುಹೋದದ್ದನ್ನು ಅವನು ಸುಡುವಾಗ ನಾನು ಹೊರಗೆ ಬರಲಿಲ್ಲ. ಮರುತಿಂಗಳೇ ನನ್ನನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದರು.

ನಿವೃತ್ತಿಯಾದ ಮೇಲೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಮನೆ ಹುಡುಕಿಕೊಂಡು ಬಂದಳು. ಶಂಶಾಬಾದಿನ ಹುಲ್ಲು ರಿಜಿಸ್ಟರಿನಲ್ಲಿದೆ, ಹಾಳೆಗಳು ಮಾತ್ರ ಸಿಗುತ್ತಿಲ್ಲ ಎಂದಳು. ನಡೆದದ್ದನ್ನು ಹೇಳಿದೆ.

"ಯಾರು ಹಂಗ ಮಾಡಿದವ್ರು?" ಎಂದು ಮೆಲ್ಲಗೆ ಕೇಳಿದಳು.

ಅಷ್ಟರಲ್ಲಾಗಲೇ ಆ ಮುಖ್ಯಸ್ಥರು ದೊಡ್ಡ ಹುದ್ದೆಗೇರಿ, ಪರಿಸರದ ಸಭೆಗಳಲ್ಲಿ ಶಾಲು ಹೊದಿಸಿಕೊಳ್ಳುತ್ತಿದ್ದರು. ನಾನು ಪೂರ್ತಿ ಹೆಸರು ಹೇಳಿದೆ, ಬರೆದುಕೋ ಎಂದೆ.