ಮಾವಳ್ಳಿಗೆ ಹೋಗಿ ನಿದ್ದೆ ತಂದದ್ದು

ಕುಮಟಾದಲ್ಲಿ ಭಟ್ಕಳದ ಬಸ್ಸು ಹತ್ತಿದಾಗ ಬೆಳಗಿನ ಎಂಟೂವರೆ. ಆಧಾರ್ ಕಾರ್ಡು ತೋರಿಸಿದ್ದರಿಂದ ನನಗೆ ಪುಕ್ಕಟೆ, ನಮ್ಮನೆಯವರಿಗೆ ಮಾತ್ರ ಟಿಕೆಟು. ಹೋಗಬೇಕಾಗಿದ್ದದ್ದು ಮುರ್ಡೇಶ್ವರದ ಹತ್ತಿರದ ಮಾವಳ್ಳಿಗೆ, ಮಂಜುವಿನ ತಾಯಿಯ ಮನೆಗೆ.

ಮಂಜು ಇವರ ಜೊತೆ ಸೈನ್ಯದಲ್ಲಿದ್ದವ. ಗಡಿಯಲ್ಲಿ ಯುದ್ಧ ನಡೆಯುತ್ತಿದ್ದಾಗ ಒಂದು ರಾತ್ರಿ ಇವರಿಗೆ ಜ್ವರ ಬಂತು. ಇವರ ಪಹರೆಯ ಪಾಳಿಗೆ ಮಂಜು ಹೋದ, ಶೆಲ್ ಬಿದ್ದು ತೀರಿಕೊಂಡ. ಅಂದಿನಿಂದ ಇವರಿಗೆ ಸರಿಯಾದ ನಿದ್ದೆಯಿಲ್ಲ. ಜ್ವರ ಬಂದು ಮೈ ಸುಡುತ್ತಿದ್ದರೂ ಹಾಸಿಗೆಗೆ ಬೆನ್ನು ತಾಗಿಸದೆ ಕುರ್ಚಿಯಲ್ಲೇ ಕೂತಿರುತ್ತಾರೆ. 'ಮಿಲಿಟರಿಯವರಲ್ಲವಾ, ಗಟ್ಟಿ ಜೀವ' ಎಂದು ನೆರೆಹೊರೆಯವರು ಹೊಗಳುತ್ತಾರೆ. ಗಟ್ಟಿಯಂತೆ ಗಟ್ಟಿ! ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮೊನ್ನೆ ಡಾಕ್ಟರು 'ನಿಮ್ಮ ಮೇಲೆ ನಿಮಗೇ ಸ್ವಲ್ಪ ಕರುಣೆ ಇರಲಿ' ಅಂದದ್ದಕ್ಕೆ ಇವರು ಎದ್ದು ಬಂದುಬಿಟ್ಟರು. ಬದುಕಿದವನಿಗೆ ಎಂತಕ್ಕೆ ಕರುಣೆಯಂತೆ. ಮಂಜುವಿನ ಸಂಗತಿ ನನಗೆ ಬಾಯಿಬಿಟ್ಟು ಹೇಳಿದ್ದೇ ಆ ದಿನ. ಅವನ ತಾಯಿಯನ್ನು ನೋಡಿ ಬರುವ ಎಂದು ಹಟ ಹಿಡಿದವಳು ನಾನು.

ಶರಾವತಿ ಸೇತುವೆಯ ಮೇಲೆ ಗಾಳಿ ತಂಪಾಗಿತ್ತು, ಹೊನ್ನಾವರ ದಾಟಿದ ಮೇಲೆ ಬರೀ ಸೆಖೆ. ಮುರ್ಡೇಶ್ವರ ಕ್ರಾಸಿನಲ್ಲಿ ನಾನು ಎದ್ದೆ, ಇವರು ಏಳಲಿಲ್ಲ. "ಭಟ್ಕಳಕ್ಕೇ ಹೋಗುವ" ಅಂದರು. ಎಂತ ಮಾಡುವುದು, ಮತ್ತೆ ಕೂತೆ.

ಭಟ್ಕಳದ ಬಸ್‌ಸ್ಟ್ಯಾಂಡಿನ ಎದುರು ಚಾ ಕುಡಿದೆವು. ಒಂದು ದಂಡೆ ಮಲ್ಲಿಗೆ ಕೊಂಡೆ. ಇವರು ಅರ್ಧ ಚಾ ಬಿಟ್ಟು ನನ್ನ ಕಡೆ ತಿರುಗಿದರು.

"ನೀನು ಯಾಕೆ ಉಳಿದೆ ಅಂತ ಆ ತಾಯಿ ಕೇಳಿದರೆ ಎಂತ ಹೇಳಲಿ, ಮಾರಾಯ್ತಿ?"

"ಕೇಳಿದರೆ ಕೇಳಲಿ. ನಾನಿಲ್ಲವಾ?" ಅಂದೆ. ನನಗೂ ಹೆದರಿಕೆಯೇ. ರಿಕ್ಷಾ ಮಾಡಿಕೊಂಡು ಮಾವಳ್ಳಿಗೆ ತಿರುಗಿ ಬಂದೆವು.

ಮಂಜುವಿನ ತಾಯಿ ಮಾಸ್ತಮ್ಮ ಅಂಗಳದ ಚಪ್ಪರದಡಿ ಮಗಳ ಜೊತೆ ಶೇಂಗಾ ಗಿಡದಿಂದ ಕಾಯಿ ಬಿಡಿಸುತ್ತಿದ್ದರು. ಇವರು ನಿಂತಲ್ಲೇ ತಾವ್ಯಾರೆಂದು ಹೇಳಿ, ಆ ರಾತ್ರಿಯ ಜ್ವರದಿಂದ ಹಿಡಿದು ಈಗ ನಿದ್ದೆಯಿಲ್ಲದ್ದರವರೆಗೆ ಎಲ್ಲ ಹೇಳಿಬಿಟ್ಟರು. ಮಾಸ್ತಮ್ಮನ ಕೈ ನಿಂತಿತು. ಹಿಡಿದಿದ್ದ ಗಿಡವನ್ನು ಬದಿಗಿಟ್ಟು ಇವರ ಕಡೆ ತಿರುಗಿದರು.

"ಜ್ವರ ಬಂದವ ಮಲಗದೇ ಎಂತ ಮಾಡೂದು, ತಮ್ಮಾ? ಮಂಜುಗೇ ಜ್ವರ ಬಂದಿದ್ರೆ ನೀ ಹೋಗ್ತಿರಲಿಲ್ವಾ?"

"ಹೋಗ್ತಿದ್ದೆ."

"ನೀ ವಾಪಸ್ ಬರದೇ, ಅವ ಹೀಂಗೆ ನಿದ್ದೆಗೆಟ್ಟು ಕೂತಿದ್ರೆ ನಿಂಗೆ ಸಮಾಧಾನ ಆಗ್ತಿತ್ತಾ?"

ಇವರು ಇಲ್ಲವೆಂದು ತಲೆಯಾಡಿಸಿದರು.

"ಮತ್ತೆ? ಮಗ ಹೋದ ಸಂಕಟ ನಂಗೆ ಸಾಕಷ್ಟಿದೆ. ಅದ್ರ ಮೇಲೆ ನಿಂದೂ ಹೊರಿಸಬೇಡ. ಕೂತ್ಕೊ, ಉಂಡು ಹೋಗು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಇವರು ಅಂಗಳದಲ್ಲೇ ಕುಸಿದು ಕೂತು ಅತ್ತರು. ಮದುವೆಯಾದಂದಿನಿಂದ ಇವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ನನಗೆ ದುಃಖಕ್ಕಿಂತ ಹೆಚ್ಚಾಗಿ ಉಸಿರು ಬಂದ ಹಾಗಾಯಿತು. ಮಲ್ಲಿಗೆಯನ್ನು ಮಂಜುವಿನ ಫೋಟೋಕ್ಕೆ ಹಾಕಿದೆವು. ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗಡೆ ಮೀನಿನ ಸಾರು. ಇವರು ಕೇಳಿ ಬಡಿಸಿಕೊಂಡರು. ಹೊರಡುವಾಗ ಮಾಸ್ತಮ್ಮ ಒಂದು ಚೀಲ ಶೇಂಗಾ ಕೊಟ್ಟು, "ಸುಗ್ಗಿಗೆ ಮತ್ತೆ ಬಾ" ಅಂದರು. ಇವರು "ಆತು" ಅಂದರು.

ಸಂಜೆ ಸಿಕ್ಕಿದ್ದು ಕಾರವಾರದ ಬಸ್ಸು. ಹೊನ್ನಾವರ ಬರುವ ಮೊದಲೇ ಇವರ ತಲೆ ನನ್ನ ಹೆಗಲಿಗೆ ವಾಲಿತು. ಗೊರಕೆ ಬೇರೆ. ಹಿಂದಿನ ಸೀಟಿನವರು ನಕ್ಕರು, ನಗಲಿ.

"ಕುಮಟಾ, ಕುಮಟಾ! ಅಕ್ಕಾ, ಇಳೀರಿ" ಎಂದ ಕಂಡಕ್ಟರ್.

"ನಾವು ಇಳಿಯೂದಿಲ್ಲ" ಎಂದು ಇವರ ನಿದ್ದೆ ಕೆಡದ ಹಾಗೆ ಮೆಲ್ಲಗೆ ಹೇಳಿದೆ. "ಮುಂದೆ ಅಂಕೋಲಾಕ್ಕೆ ಇವರದ್ದೊಂದು ಟಿಕೆಟು ಕೊಡಿ."